ಹೋರಿಯ ಕೊರಳಿನ ಕರಿದಾರ

“ಗುರುಗಳೇ, ಹದ್ದು ಮೀರಿದ ಮಗನನ್ನು ತಿದ್ದುವುದು ಹೇಗೆ?” ಎಂದು ಮಹಾರುದ್ರಪ್ಪ ಕೇಳಿದ.

ಕೇಳಿದ್ದು ಪ್ರಶ್ನೆಯಾದರೂ ಉತ್ತರ ಅವನ ಬಳಿ ಆಗಲೇ ಸಿದ್ಧವಿತ್ತು. ಹದಿನೈದು ವರ್ಷದ ಮಗ ಪ್ರಭುದೇವ ಮೂರು ತಿಂಗಳಿಂದ ಬದಲಾಗಿದ್ದ. ತರಗತಿಗೇ ಮೊದಲಿಗನಾಗಿದ್ದವನು ಈಗ ಪುಸ್ತಕ ಮುಟ್ಟುತ್ತಿರಲಿಲ್ಲ. ಕರೆದರೆ ಸಿಡುಕುತ್ತಿದ್ದ, ಊಟದ ತಟ್ಟೆ ತಳ್ಳಿ ಏಳುತ್ತಿದ್ದ, ಗೆಳೆಯರನ್ನೂ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಮಹಾರುದ್ರಪ್ಪ ಬೈದ, ಆಟ ನಿಲ್ಲಿಸಿದ, ಒಮ್ಮೆ ಕೈಯನ್ನೂ ಎತ್ತಿದ. ಯಾವುದಕ್ಕೂ ಹುಡುಗ ಜಗ್ಗಲಿಲ್ಲ. ಬರುವ ಸೋಮವಾರ ಅವನನ್ನು ದೂರದೂರಿನ ಕಟ್ಟುನಿಟ್ಟಿನ ಹಾಸ್ಟೆಲಿಗೆ ಬಿಟ್ಟು ಬರುವುದೆಂದು ನಿಶ್ಚಯವಾಗಿತ್ತು. ಇದಿಷ್ಟನ್ನೂ ಒಂದೂ ಬಿಡದೆ ಒಪ್ಪಿಸಿ, ಗುರುಗಳು ಹೂಂ ಅಂದರೆ ಸಾಕೆಂದು ಕಾದ.

ಗುರುಗಳು ಹೂಂ ಅನ್ನಲಿಲ್ಲ. ಕತೆ ಹೇಳಿದರು.

ಒಬ್ಬ ರೈತನ ಮನೆಯಲ್ಲಿ ಒಂದು ಹೋರಿಗರು ಹುಟ್ಟಿತು. ನೋಡಿದವರೆಲ್ಲ ಚೆಂದವಾಗಿದೆ ಎನ್ನತೊಡಗಿದರು. ರೈತನಿಗೆ ಹಿಗ್ಗೂ ಆಯಿತು, ಹೆದರಿಕೆಯೂ ಆಯಿತು. ದೃಷ್ಟಿ ತಾಗದಿರಲೆಂದು ಕರಿಯ ಕಂಬಳಿದಾರವನ್ನು ತಾನೇ ಬಿಗಿಯಾಗಿ ಹೊಸೆದು, ಒಂದು ಕವಡೆ ಪೋಣಿಸಿ ಅದರ ಕೊರಳಿಗೆ ಕಟ್ಟಿದ. ಕರು ಅವನ ಹಿಂದೆ ಹಿಂದೆಯೇ ತಿರುಗುತ್ತಿತ್ತು.

ಕರು ಬೆಳೆದು ಹೋರಿಯಾಯಿತು. ಒಂದು ದಿನ ಇದ್ದಕ್ಕಿದ್ದಂತೆ ರೈತನನ್ನೇ ಹಾಯಲು ಬಂತು. ಮೇವು ಬಿಟ್ಟಿತು. ಮಂದೆಯಿಂದ ದೂರ ಹೋಗಿ ನಿಂತಿತು. ಬಿದ್ದೇಬಿತ್ತಲ್ಲ ಕೆಟ್ಟ ಕಣ್ಣು ಎಂದುಕೊಂಡ ರೈತ, ಕೂದಲಲ್ಲಿ ಮರೆಯಾಗಿದ್ದ ಮೊದಲಿನ ದಾರದ ಮೇಲೆ ಇನ್ನೊಂದು ದಾರ ಬಿಗಿದ. ಹೋರಿ ಮತ್ತಷ್ಟು ಕೆರಳಿತು. ಪುಂಡ ದನಕ್ಕೆ ಊರಿನಲ್ಲಿ ಒಂದೇ ಮದ್ದು, ಕೊರಳಿಗೆ ಮರದ ಕೊರಡು ಕಟ್ಟುವುದು. ರೈತ ಅದನ್ನೂ ಕಟ್ಟಿದ. ಹೋರಿ ತಲೆ ತಗ್ಗಿಸಿ ನಿಂತುಬಿಟ್ಟಿತು. ಬುದ್ಧಿ ಬಂತು ಎಂದು ರೈತ ನಾಲ್ಕು ಜನರೆದುರು ಮೀಸೆ ತಿರುವಿದ.

ಗಾಡಿಗೆ ಪಳಗಿಸುವ ಮೊದಲು ಲಾಳ ಹೊಡೆಸಬೇಕಿತ್ತು. ಲಾಳ ಹೊಡೆಯುವವನು ಬಂದು ಹೋರಿಯ ಕಾಲು ಕಟ್ಟಿ ನೆಲಕ್ಕೆ ಕೆಡವಿದ. ಕೆಡವಿದವನು ಕಾಲು ನೋಡಲಿಲ್ಲ, ಮೂಗು ಮುಚ್ಚಿಕೊಂಡ. ಕೊರಳಡಿ ಜೋಲುವ ಗಂಗೆದೊಗಲನ್ನು ಸರಿಸಿದರೆ, ಕೂದಲಿನ ಒಳಗೆ ಆ ಹಳೆಯ ಕರಿದಾರ ಕೊರಳನ್ನು ಸೀಳಿಕೊಂಡು ಮಾಂಸದಲ್ಲಿ ಹೂತುಹೋಗಿತ್ತು. ಕೊರಳು ಬೆಳೆದಿತ್ತು, ದಾರ ಬೆಳೆದಿರಲಿಲ್ಲ. ಎರಡನೆಯ ದಾರವೂ ಕೊರಡೂ ಆ ಹುಣ್ಣಿನ ಮೇಲೆಯೇ ಬಿದ್ದಿದ್ದವು.

ರೈತ ಹೋರಿಯ ತಲೆಯ ಬಳಿ ಕೂತ. ದಿನಾ ಮೈದಡವಿದ ಪ್ರಾಣಿ, ಕೊರಳು ಕೊಳೆಯುವವರೆಗೂ ತನಗೆ ಗೊತ್ತಾಗಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡ.

“ಅಯ್ಯೋ, ಒಂದು ಮಾತು ಹೇಳೋಕೆ ಇದಕ್ಕೆ ಬಾಯಾದರೂ ಇದ್ದಿದ್ದರೆ!” ಎಂದ.

“ಹೇಳ್ತಾನೇ ಇತ್ತಲ್ಲ ಯಜಮಾನ್ರೇ,” ಎಂದ ಲಾಳದವನು, ದಾರಕ್ಕೆ ಚೂರಿ ಹಾಕುತ್ತ. “ನೀವು ಅದನ್ನ ಹಾಯೋದು ಅಂದ್ರಿ.”

ದಾರ ಕತ್ತರಿಸಿದ ಮಾತ್ರಕ್ಕೆ ಹೋರಿ ಅಂದೇ ಸಾಧುವಾಗಲಿಲ್ಲ. ಕೊರಡು ಬಿಚ್ಚಿದ ಮೇಲೂ ಹತ್ತಿರ ಹೋದರೆ ಬುಸುಗುಟ್ಟುತ್ತಿತ್ತು. ರೈತ ಅದರ ಬುಸುಗುಟ್ಟುವಿಕೆಯನ್ನು ಸಹಿಸಿಕೊಂಡೇ ದಿನವೂ ಗಾಯ ತೊಳೆದು ಅರಿಸಿನ, ಎಣ್ಣೆ ಹಚ್ಚಿದ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅದು ಕೊರಳನ್ನು ತಾನಾಗಿಯೇ ಅವನ ಕೈಗೆ ಒಡ್ಡಿತು.

ಗುರುಗಳು ಕತೆ ನಿಲ್ಲಿಸಿದರು. ಮಹಾರುದ್ರಪ್ಪನ ಮುಖ ಬಿಗಿದುಕೊಂಡಿತ್ತು. ಅವನು ಅಷ್ಟು ಸುಲಭಕ್ಕೆ ಸೋಲುವ ಆಸಾಮಿಯಲ್ಲ.

“ಅದು ಮೂಕಪ್ರಾಣಿ, ಗುರುಗಳೇ. ನನ್ನ ಮಗನಿಗೆ ಬಾಯಿದೆ. ನೋವಿದ್ದರೆ ಅವನೇ ಹೇಳುತ್ತಿದ್ದ.”

ಗುರುಗಳು ಅವನನ್ನೇ ನೋಡಿ ಮೆಲ್ಲಗೆ ಹೇಳಿದರು: “ಬಂದಾಗಿನಿಂದ ಮಗ ಮಾಡಿದ್ದೆಲ್ಲವನ್ನೂ ಹೇಳಿದೆ ಮಹಾರುದ್ರ, ಈ ಮೂರು ತಿಂಗಳಲ್ಲಿ ಅವನು ಆಡಿದ ಒಂದು ಮಾತನ್ನು ಹೇಳು.”

ಮಹಾರುದ್ರಪ್ಪ ನೆನಪಿಸಿಕೊಳ್ಳಲು ನೋಡಿದ. ಒಂದೂ ಸಿಗಲಿಲ್ಲ.