ಎದುರುಮನೆಯವರ ಬಂಪರ್

ನಾನು ಅಂಚೆ ಕಚೇರಿಯ ಗುಮಾಸ್ತ. ಹಳೆ ಕಾರೊಂದನ್ನು ಕೊಂಡ ಮೇಲೆ ನಮ್ಮ ಬೀದಿಯವರಿಗೆಲ್ಲ ನನ್ನ ಹೆಸರು ಗೊತ್ತಾಯಿತು. ಮೊನ್ನೆ ಕಾರು ಹಿಂದಕ್ಕೆ ತೆಗೆಯುವಾಗ ಎದುರುಮನೆಯ ನಿವೃತ್ತ ಎಂಜಿನಿಯರ್ ಗುರುಪಾದಪ್ಪನವರ ಹೊಸ ಕಾರಿಗೆ ತಾಗಿಸಿಬಿಟ್ಟೆ. ಬಂಪರಿನ ಮೇಲೆ ಬೆರಳುದ್ದದ ಗೀರು ಬಿತ್ತು.

"ಹೊಸ ಬಂಪರ್ ಹಾಕಿಸಿಕೊಡ್ರೀ!" ಎಂದು ಅವರು ಗುಡುಗಿದರು.

"ಇನ್ಶೂರೆನ್ಸ್ ಇದೆಯಲ್ಲ ಸಾರ್?" ಎಂದೆ.

"ಇಷ್ಟಕ್ಕೆ ಕ್ಲೇಮ್ ಮಾಡಿದರೆ ಮುಂದಿನ ವರ್ಷ ನನ್ನ ರಿಯಾಯಿತಿ ಹೋಗುತ್ತೆ. ನಮ್ಮನಮ್ಮಲ್ಲೇ ಮುಗಿಸಿ."

"ಹಾಗಾದರೆ ನೀವೂ ನನ್ನ ಕಾರಿಗೆ ಇಷ್ಟೇ ಉದ್ದದ ಗೀರು ಎಳೆದುಬಿಡಿ ಸಾರ್. ಅಲ್ಲಿಗೆ ಸರಿಸಮ."

ಸಿಟ್ಟಿನಲ್ಲಿ ಅವರು ಕೀ ಹಿಡಿದುಕೊಂಡು ಬಂದೇಬಿಟ್ಟರು. ನನ್ನ ಕಾರನ್ನು ಎರಡು ಸುತ್ತು ಸುತ್ತಿದರು.

"ಎಲ್ರೀ ಎಳೆಯೋದು? ಒಂದಿಷ್ಟೂ ಜಾಗ ಇಲ್ಲವಲ್ಲ! ಇದನ್ನೆಲ್ಲ ಯಾರು ಮಾಡಿದ್ದು?"

"ನಾನೇ ಸಾರ್. ಯಾರ ಸಹಾಯವೂ ಇಲ್ಲದೆ."

ಅವರಿಗೆ ನಗು ತಡೆಯಲಾಗಲಿಲ್ಲ. ಪಾಲಿಶ್ ತಂದು ನನ್ನ ಕೈಯಲ್ಲೇ ಉಜ್ಜಿಸಿದರು. ಗೀರು ಮುಕ್ಕಾಲು ಮಾಸಿತು. ಅಷ್ಟಕ್ಕೇ ರಾಜಿಯಾದರು.

ಆದರೆ ನನ್ನ ಮೇಲೆ ನಂಬಿಕೆ ಮಾತ್ರ ಬರಲಿಲ್ಲ. ಈಗ ದಿನಾ ಬೆಳಿಗ್ಗೆ ನಾನು ಕಾರು ಸ್ಟಾರ್ಟ್ ಮಾಡಿದ ಕೂಡಲೇ ಪಂಚೆ ಎತ್ತಿಕಟ್ಟಿ ಓಡಿಬರುತ್ತಾರೆ. ಹಿಂದೆ ನಿಂತು, "ಬರಲಿ, ಬರಲಿ, ಸ್ಟಾಪ್!" ಎಂದು ಕೂಗುತ್ತಾರೆ.

ಗುಮಾಸ್ತನ ಕಾರಿಗೆ ಎಂಜಿನಿಯರ್ ಕ್ಲೀನರ್!