ಗಿಡ್ಡವ್ವನ ಹಸಿದ ಕೌದಿ

ಹೂಂ ಅನ್ನಿ, ಹೇಳುತ್ತೇನೆ. ಹೂಂ ಅನ್ನದಿದ್ದರೂ ಹೇಳುತ್ತೇನೆ. ಸುಮ್ಮನೆ ಕೂತು ಕೇಳಿ.

ಒಂದು ಮನೆ. ಮನೆಗೆ ಒಂದು ಗೋಡೆ. ಗೋಡೆಯಲ್ಲಿ ಒಂದು ಬಿಲ. ಬಿಲದಲ್ಲಿ ಒಂದು ಇಲಿ. ಅವಳ ಹೆಸರು ಗಿಡ್ಡವ್ವ. ಗಿಡ್ಡವ್ವನಿಗೆ ಒಂದೇ ಮರಿ. ಮರಿಯ ಮೈಮೇಲೆ ಒಂದೂ ಕೂದಲಿಲ್ಲ. ಹೊರಗೆ ಮಾಗಿಯ ಚಳಿ. ಮರಿ ಗಡಗಡ ನಡುಗುತ್ತಿತ್ತು.

ಗಿಡ್ಡವ್ವ ಮರಿಗೆ ಕೌದಿ ಹೊಲಿಯಲು ಕೂತಳು. ಎಷ್ಟು ದೊಡ್ಡ ಕೌದಿ? ವೀಳ್ಯದೆಲೆಯಷ್ಟು. ಕೆಂಪು ಚಿಂದಿ, ಹಸಿರು ಚಿಂದಿ, ಹಳದಿ ಚಿಂದಿ. ಜಾಲಿಮುಳ್ಳೇ ಸೂಜಿ. ಆದರೆ ಇಲಿಗೆ ಕೂತು ಹೊಲಿಯಲು ಪುರುಸೊತ್ತೆಲ್ಲಿ? ಹೊಲಿಗೆಯನ್ನೆಲ್ಲ ತೆಂಗಿನ ಚಿಪ್ಪಿಗೆ ತುಂಬಿದಳು. ಹೋದಲ್ಲಿಗೆಲ್ಲ ಚಿಪ್ಪು ಎಳೆದಳು. ಕಣಜದ ಬಳಿ ಎರಡು ಹೊಲಿಗೆ. ಒಲೆಯ ಹಿಂದೆ ಎರಡು ಹೊಲಿಗೆ. ಯಾರಾದರೂ ಬಂದರೆ ಚಿಪ್ಪಿನ ಕೆಳಗೆ ಗಪ್ಪನೆ ಕೂರುವಳು.

ಮೂರು ಮೂಲೆ ಮುಗಿಯಿತು. ಒಂದು ಮೂಲೆ ಉಳಿಯಿತು.

ಕೌದಿ ಹೊಲಿಯುವವರದು ಒಂದು ಪದ್ಧತಿ. ಕಡೆಯ ಮೂಲೆ ಮುಚ್ಚುವ ಮೊದಲು ಕೌದಿಯ ಹೊಟ್ಟೆಗೆ ಒಂದು ಕಾಳು ಹಾಕಬೇಕು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ. ಆ ಕಾಳು ಕದ್ದದ್ದಾಗಬಾರದು. ಯಾರಾದರೂ ಕೈಯಾರೆ ಕೊಟ್ಟದ್ದಾಗಬೇಕು.

ಇಲಿಗೆ ಕೈಯಾರೆ ಕೊಡುವವರು ಯಾರು? ಊರೂರು ತಿರುಗಿ ಕೌದಿ ಹೊಲಿಯುವವಳೊಬ್ಬಳು ಬೇವಿನ ಮರದಡಿ ಕೂತಿದ್ದಳು. ಪುಟ್ಟ ಕೌದಿ ನೋಡಿ ನಕ್ಕಳು. ಒಂದು ಜೋಳದ ಕಾಳು ಕೊಟ್ಟಳು. ಗಂಟು ಹೊತ್ತು ಮುಂದಿನ ಊರಿಗೆ ನಡೆದಳು.

ಗಿಡ್ಡವ್ವನಿಗೋ ಅವಸರ. ಕಾಳು ಒಳಗೆ ಹಾಕಿದಳು. ಮೂಲೆ ಮುಚ್ಚಲಿಲ್ಲ. ಬಿಲಕ್ಕೆ ಹೋಗಿ ಮುಚ್ಚಿದರಾಯಿತು ಅಂದುಕೊಂಡಳು. ಚಿಪ್ಪು ಎಳೆದಳು. ಚಿಪ್ಪು ಕಲ್ಲಿಗೆ ತಾಗಿತು. ಕಾಳು ಟಣ್ಣನೆ ಹಾರಿತು. ಉರುಳಿತು, ಉರುಳಿತು, ಇರುವೆಗೂಡಿಗೆ ಬಿತ್ತು. ಹೋಯಿತು.

ಗಿಡ್ಡವ್ವ ಇರುವೆಯ ಹತ್ತಿರ ಹೋದಳು. ನನ್ನ ಕಾಳು ಕೊಡು ಅಂದಳು.

"ನೆಲಕ್ಕ ಬಿದ್ದದ್ದು ನಮ್ಮ ಪಾಲು," ಅಂದಿತು ಇರುವೆ.

ಗಿಡ್ಡವ್ವ ಕೋಳಿಯ ಹತ್ತಿರ ಹೋದಳು. ಕೋಳಿ, ಕೋಳಿ, ಇರುವೆಯನ್ನು ಕುಕ್ಕು.
ಇರುವೆ ಕಾಳು ಕೊಡದು.
ಕಾಳಿಲ್ಲದೆ ಕೌದಿ ಮುಚ್ಚದು.
ಕೌದಿಯಿಲ್ಲದೆ ಮರಿ ಬದುಕದು.

"ನನ್ನ ನುಚ್ಚು ಕದ್ದಾಕಿ ನೀನು. ಹೋಗ ಕಳ್ಳಿ," ಅಂದಿತು ಕೋಳಿ. ಕದ್ದದ್ದು ನಿಜ.

ಗಿಡ್ಡವ್ವ ನಾಯಿಯ ಹತ್ತಿರ ಹೋದಳು. ನಾಯಿ, ನಾಯಿ, ಕೋಳಿಯನ್ನು ಅಟ್ಟು.
ಕೋಳಿ ಇರುವೆಯನ್ನು ಕುಕ್ಕದು.
ಇರುವೆ ಕಾಳು ಕೊಡದು.
ಕಾಳಿಲ್ಲದೆ ಕೌದಿ ಮುಚ್ಚದು.
ಕೌದಿಯಿಲ್ಲದೆ ಮರಿ ಬದುಕದು.

"ನನ್ನ ರೊಟ್ಟಿ ಕದ್ದಾಕಿ ನೀನು. ಹೋಗ ಕಳ್ಳಿ," ಅಂದಿತು ನಾಯಿ. ಅದೂ ನಿಜ.

ಬಿಲದಿಂದ ಮರಿಯ ಚೀಂಚೀಂ ಕೇಳಿಸಿತು. ಮೊದಲಿನಷ್ಟು ಜೋರಿರಲಿಲ್ಲ.

ಗಿಡ್ಡವ್ವ ಆ ಮನೆಯ ಫಕೀರವ್ವಜ್ಜಿಯ ಹತ್ತಿರ ಓಡಿದಳು. ಅಜ್ಜಿ, ಅಜ್ಜಿ, ನಾಯಿಯನ್ನು ಛೂ ಬಿಡು.
ನಾಯಿ ಕೋಳಿಯನ್ನು ಅಟ್ಟದು.
ಕೋಳಿ ಇರುವೆಯನ್ನು ಕುಕ್ಕದು.
ಇರುವೆ ಕಾಳು ಕೊಡದು.
ಕಾಳಿಲ್ಲದೆ ಕೌದಿ ಮುಚ್ಚದು.
ಕೌದಿಯಿಲ್ಲದೆ ಮರಿ ಬದುಕದು.

"ನನ್ನ ಸೀರೀ ಸೆರಗ ಕಡದಾಕಿ ನೀನು. ಹೋಗ ಕಳ್ಳಿ," ಅಂದಳು ಅಜ್ಜಿ. ಕೌದಿಯ ಕೆಂಪು ಚಿಂದಿ ಆ ಸೆರಗಿನದೇ.

ಗಿಡ್ಡವ್ವ ಹೊಸ್ತಿಲ ಮೇಲೆ ಕೂತು ಅತ್ತಳು. ಇನ್ನು ಯಾರಿದ್ದಾರೆ? ಇನ್ನು ಒಬ್ಬರೇ. ಹೇಳಬೇಕೆ? ಬೆಕ್ಕು.

ಬೆಕ್ಕು ಒಲೆಯ ಮುಂದೆ ಮಲಗಿತ್ತು. ಗಿಡ್ಡವ್ವ ಅದರ ಹತ್ತಿರವೂ ಹೋದಳು. ಬೆಕ್ಕು, ಬೆಕ್ಕು, ಅಜ್ಜಿಯ ಹಾಲಿಗೆ ಹಾರು.
ಅಜ್ಜಿ ನಾಯಿಯನ್ನು ಛೂ ಬಿಡಳು.
ನಾಯಿ ಕೋಳಿಯನ್ನು ಅಟ್ಟದು.
ಕೋಳಿ ಇರುವೆಯನ್ನು ಕುಕ್ಕದು.
ಇರುವೆ ಕಾಳು ಕೊಡದು.
ಕಾಳಿಲ್ಲದೆ ಕೌದಿ ಮುಚ್ಚದು.
ಕೌದಿಯಿಲ್ಲದೆ ಮರಿ ಬದುಕದು.

"ಮರಿಗೆ ಕೌದಿ ಹೊದಿಸಿ ಬರ್ತೇನಿ ಬೆಕ್ಕವ್ವಾ," ಅಂದಳು. "ಆಮ್ಯಾಲೆ ನನ್ನ ತಿನ್ನು."

ಆಮೇಲೆ ಮರಿಗೆ ಹಾಲು ಯಾರು ಕೊಡುತ್ತಾರೆ? ಅದನ್ನು ಯೋಚಿಸುವ ಧೈರ್ಯ ಗಿಡ್ಡವ್ವನಿಗಿರಲಿಲ್ಲ.

ಬೆಕ್ಕು ಒಂದು ಕಣ್ಣು ತೆರೆಯಿತು. "ಎಲ್ಲಾರೂ ನಿನ್ನ ಕಳ್ಳಿ ಅಂದ್ರೇನು?"

"ಎಲ್ಲಾರೂ ಅಂದ್ರು."

"ನನಗೂ ಹಂಗ ಅಂತಾರ," ಅಂದಿತು ಬೆಕ್ಕು. ಮೈಮುರಿದು ಎದ್ದಿತು.

ಬೆಕ್ಕು ಗಡಿಗೆ ತೂಗುಹಾಕಿದ್ದ ನೆಲುವಿಗೆ ಹಾರಿತು. ಹಾಲಿನ ಗಡಿಗೆಗೆ ಬಾಯಿಟ್ಟಿತು. ನಾಯಿಯನ್ನು ಛೂ ಬಿಡುವ ತನಕ ಗಡಿಗೆ ಬಿಡೆ ಅಂದಿತು. ಅಜ್ಜಿ ಲಬೋ ಲಬೋ ಬಾಯಿ ಬಡಿದುಕೊಂಡಳು. ಲೊಚ ಲೊಚ, ಅರ್ಧ ಗಡಿಗೆ ಖಾಲಿ.

ಅಜ್ಜಿ ನಾಯಿಯನ್ನು ಛೂ ಬಿಟ್ಟಳು.
ನಾಯಿ ಕೋಳಿಯನ್ನು ಅಟ್ಟಿತು.
ಕೋಳಿ ಇರುವೆಯನ್ನು ಕುಕ್ಕಿತು.
ಇರುವೆ ಕಾಳು ಕೊಟ್ಟಿತು.

ಗಿಡ್ಡವ್ವ ಈ ಸಲ ಒಂದು ಹೆಜ್ಜೆಯೂ ಇಡಲಿಲ್ಲ. ಅಲ್ಲೇ ಕೂತಳು. ಕಾಳು ಹಾಕಿದಳು. ಅಲ್ಲೇ ಮೂಲೆ ಮುಚ್ಚಿದಳು.

ಕೌದಿಯ ಹೊಟ್ಟೆ ತುಂಬಿತು.
ಕೌದಿ ಮರಿಯ ಮೈ ಮುಚ್ಚಿತು.
ಮರಿಯ ನಡುಕ ನಿಂತಿತು.

ಗಿಡ್ಡವ್ವ ಮರಿಯ ಮೂಗು ನೆಕ್ಕಿದಳು. ಇನ್ನೊಮ್ಮೆ ನೆಕ್ಕಿದಳು. ಬಿಲದಿಂದ ಹೊರಗೆ ಬಂದಳು. ಮಾತು ಕೊಟ್ಟಾಗಿತ್ತಲ್ಲ. ಒಲೆಯ ಮುಂದೆ ಹೋಗಿ ನಿಂತಳು. ಕಣ್ಣು ಗಟ್ಟಿ ಮುಚ್ಚಿದಳು.

"ಬಂದೆ ಬೆಕ್ಕವ್ವಾ."

ಬೆಕ್ಕಿನ ಹೊಟ್ಟೆ ಬಿಂದಿಗೆಯಂತೆ ಊದಿತ್ತು. ಮೀಸೆಯಲ್ಲಿ ಹಾಲಿತ್ತು. ಅದು ಕಣ್ಣು ಸಹ ತೆರೆಯಲಿಲ್ಲ.

"ನನ್ನ ಹೊಟ್ಟೀನೂ ತುಂಬೇತಿ," ಅಂದಿತು. "ನಾ ಏಳೂದ್ರಾಗ ಓಡು."

ಗಿಡ್ಡವ್ವ ಓಡಿದಳು ನೋಡಿ. ಸೀದಾ ಬಿಲಕ್ಕೆ, ಸೀದಾ ಕೌದಿಯೊಳಗೆ. ಕೌದಿ ವೀಳ್ಯದೆಲೆಯಷ್ಟು. ಮರಿ ಹಿಡಿಸಿತು. ಗಿಡ್ಡವ್ವನ ಮೂಗು ಹಿಡಿಸಿತು. ಉಳಿದ ಗಿಡ್ಡವ್ವ ಹೊರಗೇ ಮಲಗಿದಳು.