ಮುದ್ದೆಯ ಮೇಲೆ ಹರಿದ ಹೊಳೆ

"ನನ್ನ ಸೀಮೆಯಲ್ಲಿ ಒಂದು ಹನಿ ನೀರೂ ನನ್ನನ್ನು ಕೇಳದೆ ಹರಿಯೋ ಹಾಗಿಲ್ಲ!" ಎಂದು ದೊರೆ ವೀರಮಲ್ಲ ನಾಯಕ ತುಂಬಿದ ಒಡ್ಡೋಲಗದಲ್ಲಿ ಮೀಸೆ ತಿರುವಿದ.

ಎದುರಿಗೆ ಕಡತ ಬಿಚ್ಚಿಕೊಂಡಿತ್ತು. ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ನಕ್ಷೆ. ಆಸ್ಥಾನದ ನಕ್ಷೆಕಾರ ಶ್ರೀಪಾದಾಚಾರ್ಯರು ಎರಡು ವರ್ಷ ಆಳುಗಳಿಂದ ಹಗ್ಗ ಹಿಡಿಸಿ ಸೀಮೆಯ ಉದ್ದಗಲ ಅಳೆಸಿದ್ದರು. ತಗ್ಗು ದಿಣ್ಣೆಯ ಗೊಡವೆಗೇ ಹೋಗಿರಲಿಲ್ಲ. ಅವರ ನಕ್ಷೆಯಲ್ಲಿ ಕೆಂಪೊಳೆ ಬಾಚಿದ ತಲೆಯ ಬೈತಲೆಯಂತೆ ನೆಟ್ಟಗೆ ಹರಿಯುತ್ತಿತ್ತು.

"ಹೊಳೆದಂಡೆಯ ಈ ದಿಬ್ಬದ ಮೇಲೆ ನಮಗೊಂದು ಗಾಳಿಮಂಟಪ ಆಗಲಿ," ಎಂದ ದೊರೆ. "ಅಲ್ಲಿರೋ ಮಡಿವಾಳರ ನಲವತ್ತು ಮನೆ ಪಕ್ಕದ ಬಯಲಿಗೆ ಇಳಿಯಲಿ. ಹೇಗೂ ಖಾಲಿ ಬಿದ್ದಿದೆ."

ಮೂಲೆಯಿಂದ ಕಿಸಕ್ಕನೆ ನಗು ಬಂತು. ಆಸ್ಥಾನದ ವಿದೂಷಕ ಜುಂಜ. ವಯಸ್ಸು ಹದಿನೇಳು. ಐಗಳ ಮಠದಲ್ಲಿ ನಾಲ್ಕು ವರ್ಷ ಕೂತು ಅಕ್ಷರಮಾಲೆಯಲ್ಲಿ ಅರ್ಧ ಕಲಿತವನು. ಉಳಿದರ್ಧ ಕಲಿಯುವ ಮೊದಲೇ ನಿದ್ದೆಹೋದ ಐಗಳ ಜುಟ್ಟನ್ನು ಕಂಬಕ್ಕೆ ಕಟ್ಟಿ ಓಡಿಬಂದವನು. ಅವನ ಅವ್ವ ಸಾಕವ್ವನ ಮನೆ ಇದ್ದದ್ದು ಆ ದಿಬ್ಬದ ಮೇಲೆಯೇ.

"ಯಾಕೋ ನಗ್ತೀಯ?"

"ಬುದ್ಧಿ, ಆ ಬಯಲು ಖಾಲಿ ಇಲ್ಲ. ಹೊಳೆ ಕಾಲು ಚಾಚಿ ಮಲಗೋ ಜಾಗ ಅದು. ಅದು ಬಂದು ಮಲಗಿದಾಗ ನಮ್ಮವ್ವ ಎಲ್ಲಿ ಮಲಗಬೇಕು?"

"ನಾನು ಪಟ್ಟಕ್ಕೆ ಬಂದು ಐದು ವರ್ಷ ಆಯ್ತು. ಒಮ್ಮೆಯೂ ಅಲ್ಲಿಗೆ ನೀರು ಬಂದಿಲ್ಲ."

ಆಚಾರ್ಯರು ಕಡತ ತಟ್ಟಿದರು. "ಕಣ್ಣು ಬಿಟ್ಟು ನೋಡೋ ಮಂಕೆ! ಹೊಳೆ ಇಲ್ಲಿ, ಬಯಲು ಅಲ್ಲಿ. ನಡುವೆ ನಾಲ್ಕು ಬೆರಳು ಅಂತರ!"

"ಸರಿ," ಎಂದ ದೊರೆ. "ಜುಂಜ, ನಾಳೆ ಊಟದ ಹೊತ್ತಿಗೆ ಇದಕ್ಕಿಂತ ಒಳ್ಳೆ ನಕ್ಷೆ ತಾ. ಬಿದ್ದ ಮಳೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನನ್ನ ಕಣ್ಣಿಗೆ ಕಾಣಬೇಕು. ಇಲ್ಲವೋ, ಮೊದಲು ಕೆಡವಿಸೋದು ನಿಮ್ಮವ್ವನ ಮನೇನೇ. ನಿನ್ನನ್ನ ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ ಮೆರವಣಿಗೆ ಮಾಡಿಸ್ತೀನಿ."

"ಕತ್ತೆ ನಮ್ಮನೇದೇ ತರ್ಲಾ ಬುದ್ಧಿ?"

ಹಾಗಂದನೇನೋ ಸರಿ, ಹೊರಗೆ ಬಂದವನೇ ಜುಂಜ ಅವ್ವನ ಮನೆಯತ್ತ ಓಟ ಕಿತ್ತ. ನಕ್ಷೆ ಇರಲಿ, ಅವನಿಗೆ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲು ಬರುತ್ತಿರಲಿಲ್ಲ. ಹಿಂದೊಮ್ಮೆ ಅವನು ಬರೆದ ಎಮ್ಮೆಯನ್ನು ಕಂಡು ಐಗಳು, "ಕುಂಬಳಕಾಯಿ ಚೆನ್ನಾಗಿದೆ," ಎಂದಿದ್ದರು.

ವಿಷಯ ಕೇಳಿದ ಸಾಕವ್ವ ಮೊದಲು ಬೆನ್ನಿಗೊಂದು ಗುದ್ದು ಕೊಟ್ಟಳು. "ನಾಲಿಗೆ ಚಟಕ್ಕೆ ಮನೆ ಕಳೀತಿಯಲ್ಲೋ, ಹಾಳಾದವನೆ!" ಆಮೇಲೆ ಕತ್ತೆಯ ಹಗ್ಗ ಅವನ ಕೈಗಿಟ್ಟಳು. "ಇದನ್ನ ಹಿಡ್ಕೊಂಡು ಸೀಮೆ ಸುತ್ತು. ಅದು ಏದುಸಿರು ಬಿಟ್ಟರೆ ಏರು, ತಾನಾಗೇ ಓಡಿದರೆ ಇಳಿಜಾರು. ಬಯಲಿನ ಹುಣಸೆಮರಾನೂ ನೋಡ್ಕೊಂಡು ಬಾ. ನೀರು ಎಲ್ಲೀವರೆಗೆ ಏರುತ್ತೋ ಅಲ್ಲಿ ಕುಡುಗೋಲಲ್ಲಿ ಕಚ್ಚು ಹಾಕೋದು ನಮ್ಮತ್ತೆ ಕಾಲದಿಂದ ನಡ್ಕೊಂಡು ಬಂದಿದೆ."

ಕತ್ತೆ ಅವನನ್ನು ಮೂರು ಗುಡ್ಡ ಹತ್ತಿಸಿತು, ಮೂರು ಹಳ್ಳಕ್ಕೆ ಕೆಡವಿತು. ಮೂರೂ ಹಳ್ಳ ಹೋಗಿ ಸೇರುತ್ತಿದ್ದದ್ದು ಬಯಲಿನ ಬಾಯಿಗೇ. ಹುಣಸೆಮರದ ಮೇಲಿನ ಕಚ್ಚು ಎಗರಿದರೂ ಅವನ ಕೈಗೆ ಸಿಗಲಿಲ್ಲ.

'ಆಚಾರ್ಯರಿಗೆ ಇಪ್ಪತ್ತು ಆಳು, ನನಗೆ ಒಂದೇ ಕತ್ತೆ,' ಎಂದುಕೊಂಡ ಜುಂಜ. 'ಅಲ್ಲ, ನನ್ನನ್ನೂ ಸೇರಿಸಿದರೆ ಎರಡು.'

ಮರುದಿನ ಊಟದ ಹೊತ್ತಿಗೆ ಅವನು ದೊಡ್ಡ ಹರಿವಾಣ ಹೊತ್ತು ಬಂದ. ಅದರ ತುಂಬ ರಾಗಿಮುದ್ದೆ! ಮೂರು ಗುಡ್ಡ, ಬೆರಳಲ್ಲಿ ಗೀರಿದ ಮೂರು ಹಳ್ಳ, ಒಂದು ದಿಬ್ಬ, ಅದರ ಪಕ್ಕ ತಗ್ಗಾದ ಬಯಲು. ಬಯಲಲ್ಲಿ ನಲವತ್ತು ಹುರಿಗಡಲೆ.

ಸಭೆ ಗೊಳ್ಳೆಂದಿತು.

"ಬರೆಯೋಕೆ ಬರಲ್ಲ ಬುದ್ಧಿ, ತಿನ್ನೋಕೆ ಮಾತ್ರ ಬರುತ್ತೆ. ಅದಕ್ಕೇ ಹೀಗೆ," ಎಂದ ಜುಂಜ, ಹುರುಳಿ ಸಾರಿನ ಚೊಂಬು ಚಾಚುತ್ತ. "ಮಳೆ ನಿಮ್ಮ ಕೈಯಿಂದಲೇ ಬೀಳಲಿ."

ದೊರೆ ಮೂರೂ ಗುಡ್ಡದ ನೆತ್ತಿಗೆ ಸಾರು ಹೊಯ್ದ. ಅದು ಮೂರು ಹಳ್ಳವಾಗಿ ಇಳಿಯಿತು, ಒಂದಾಯಿತು, ಬಯಲಿಗೆ ನುಗ್ಗಿತು. ನಲವತ್ತು ಹುರಿಗಡಲೆಯೂ ತೇಲಿದವು. ದಿಬ್ಬ ಮಾತ್ರ ಒಣಗಿಕೊಂಡು ಕೂತಿತ್ತು.

ದೊರೆಯ ನಗು ನಿಂತಿತು. ಆಚಾರ್ಯರು ಎದ್ದರು. "ಮೋಸ ಪ್ರಭು! ಮುದ್ದೆ ಇವನದು, ತಗ್ಗು ತೋಡಿದವನೂ ಇವನೇ!"

"ನೀರು ಏರಿದ ಅಳತೆ ಬಯಲಿನ ಹುಣಸೆಮರದ ಮೇಲೆ ಕಚ್ಚಾಗಿದೆ ಸ್ವಾಮಿ."

"ಮರಕ್ಕೆ ಕಚ್ಚು ಯಾರು ಬೇಕಾದರೂ ಹಾಕಬಹುದು!"

ದೊರೆ ಗಡ್ಡ ಕೆರೆದುಕೊಂಡ. ಜುಂಜ ಥಟ್ಟನೆ ಆಚಾರ್ಯರ ಕಾಲಿಗೆ ಬಿದ್ದ. "ಸೋತೆ! ಅರ್ಧ ಅಕ್ಷರದವನು ಪಂಡಿತರ ಮುಂದೆ ನಿಲ್ಲೋಕಾಗುತ್ತಾ? ಬುದ್ಧಿ, ಕೇರಿ ಬಯಲಿಗೇ ಇಳೀಲಿ. ಒಂದೇ ಬೇಡಿಕೆ. ನಮ್ಮವ್ವ ಹೆದರ್ತಾಳೆ. ಅವಳ ಪಕ್ಕದಲ್ಲಿ ಆಚಾರ್ಯರಿಗೂ ಒಂದು ಮನೆ ಕಟ್ಟಿಸಿಕೊಡಿ. ಇವರ ತಾಳೆಗರಿ ಕಟ್ಟುಗಳನ್ನೆಲ್ಲ ನಾನೇ ಕತ್ತೆ ಮೇಲೆ ಸಾಗಿಸ್ತೀನಿ."

"ಅದು ಸರಿ!" ಎಂದ ದೊರೆ. "ಆಚಾರ್ಯರೆ, ಈ ತಿಂಗಳೇ ಹೊರಡಿ."

"ಅಯ್ಯಯ್ಯೋ, ಬೇಡ ಪ್ರಭು!" ಆಚಾರ್ಯರು ಕಿರುಚಿದರು. "ನಮ್ಮ ಮುತ್ತಜ್ಜನ ಕಾಲದ ಗ್ರಂಥಗಳು! ಒಂದೇ ಮಳೆಗಾಲಕ್ಕೆ ಕೊಚ್ಚಿಕೊಂಡು ಹೋಗ್ತವೆ!"

ಸಭೆಯ ಕಣ್ಣೆಲ್ಲ ಆಚಾರ್ಯರತ್ತ ತಿರುಗಿತು.

ಜುಂಜ ಮೆಲ್ಲನೆ ಎದ್ದು ಮಂಡಿ ಕೊಡವಿಕೊಂಡ. "ಬುದ್ಧಿ, ನಾನು ಹರಿಸಿದ್ದು ಬರೀ ಸಾರು. ನೀರು ಬರುತ್ತೆ ಅಂತ ಹೇಳಿದ್ದು ಆಚಾರ್ಯರೇ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಚಾರ್ಯರು ಕಡತ ಮಡಿಸಿಕೊಂಡರು.

"ಕೇರಿ ಇದ್ದಲ್ಲೇ ಇರಲಿ. ಬಯಲು ಹೊಳೆಗೇ ಇರಲಿ. ನಮಗೆ ಗಾಳಿ ಬೇಕಾದರೆ ಬೀಸಣಿಗೆ ಇದೆ!" ಎಂದ ದೊರೆ ಕಣ್ಣೊರೆಸಿಕೊಂಡ. "ಜುಂಜ, ನಿನಗೆ ನನ್ನ ಕೊರಳ ಸರ. ಆ ಮುದ್ದೆಯ ನಕ್ಷೆಯನ್ನ ಜೋಪಾನವಾಗಿ ಭಂಡಾರದಲ್ಲಿಡಿಸು."

ಹೆದರಿಕೆಗೆ ನಿನ್ನೆಯಿಂದ ಒಂದು ತುತ್ತೂ ತಿನ್ನದ ಜುಂಜ ಹರಿವಾಣದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬಾಯಿ ತುಂಬಿತ್ತು.

"ಎರಡು ಗುಡ್ಡ ಆಗಲೇ ಒಳಗೆ ಹೋದವು ಬುದ್ಧಿ," ಎಂದ, ನುಂಗುತ್ತ. "ಅವ್ವನ ದಿಬ್ಬ ಮಾತ್ರ ಮುಟ್ಟಿಲ್ಲ."